ಮುಂಬೈ ಮಳೆ, ಪ್ಯಾರಿಸ್ ಕಾಗದ: ಒಂದು ಸಹನಿರ್ಮಾಣದ ಪ್ರಕರಣ

ಹೋದ ತಿಂಗಳು ಶಿರಸಿ ಕಡೆಯ ಹುಡುಗನೊಬ್ಬ ಚಿತ್ರಕಥೆ ಹಿಡಿದುಕೊಂಡು ಬಂದಿದ್ದ. ಅವನ ಮೊದಲ ಸಿನಿಮಾ. ಕಥೆ ಚೆನ್ನಾಗಿದೆ. ಕಾಫಿ ಮುಗಿಯುವ ಮೊದಲೇ ಕೇಳಿದ, "ಅಕ್ಕಾ, ಫ್ರಾನ್ಸ್‌ನವರ ದುಡ್ಡು ತರೋದು ಹೇಗೆ?"

ನಾನು ಬೆಂಗಳೂರಿನಲ್ಲಿ ಸಣ್ಣ ಸಿನಿಮಾಗಳ ಬಜೆಟ್ಟು, ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2024ರ ಮೇ ತಿಂಗಳಾದ ಮೇಲೆ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಕಾರಣ ಎಲ್ಲರಿಗೂ ಗೊತ್ತು. ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್' ಆ ತಿಂಗಳು ಫ್ರಾನ್ಸ್‌ನ ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಯಲ್ಲಿತ್ತು. 1994ರಲ್ಲಿ ಶಾಜಿ ಕರುಣ್ ಅವರ 'ಸ್ವಹಂ' ಹೋಗಿದ್ದು ಬಿಟ್ಟರೆ 30 ವರ್ಷ ಭಾರತದ ಒಂದೂ ಸಿನಿಮಾ ಆ ಸಾಲಿನಲ್ಲಿ ಇರಲಿಲ್ಲ. ಹೋಗಿದ್ದಷ್ಟೇ ಅಲ್ಲ, ಅಲ್ಲಿನ ಎರಡನೇ ದೊಡ್ಡ ಪ್ರಶಸ್ತಿ ಗ್ರಾಂಡ್ ಪ್ರಿ ಗೆದ್ದು ಬಂತು. ನಮ್ಮ ಪತ್ರಿಕೆಗಳಲ್ಲಿ ನಿರ್ದೇಶಕಿಯ ಫೋಟೋ ಬಂತು, ನಟಿಯರ ಫೋಟೋ ಬಂತು. ನಿರ್ಮಾಪಕರ ಬಗ್ಗೆ ಯಾರೂ ಜಾಸ್ತಿ ಬರೆಯಲಿಲ್ಲ. ನನಗೆ ಕುತೂಹಲ ಇದ್ದದ್ದು ಅಲ್ಲೇ. ಮಲಯಾಳಂ, ಹಿಂದಿ, ಮರಾಠಿ ಮಾತಾಡುವ, ಮುಂಬೈ ಮತ್ತು ರತ್ನಗಿರಿಯಲ್ಲಿ ನಡೆಯುವ ಕಥೆ ಇದು. ಅದರ ಟೈಟಲ್ ಕಾರ್ಡಿನಲ್ಲಿ ಫ್ರಾನ್ಸ್, ಭಾರತ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಇಟಲಿ ಅಂತ ಐದು ದೇಶಗಳ ಹೆಸರು ಯಾಕಿವೆ? ಅಷ್ಟೂ ಜನರನ್ನು ಒಂದೇ ಒಪ್ಪಂದದ ಕೆಳಗೆ ಕೂರಿಸಿದವರು ಯಾರು?

ಮೊದಲು ಕಥೆ. ಪ್ರಭಾ ಮತ್ತು ಅನು ಮುಂಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್‌ಗಳು. ಇಬ್ಬರೂ ಮಲಯಾಳಿಗಳು, ಒಂದೇ ರೂಮಿನಲ್ಲಿದ್ದಾರೆ. ಅದೇ ಆಸ್ಪತ್ರೆಯಲ್ಲಿ ಅಡುಗೆ ಮಾಡುವ ಪಾರ್ವತಿಗೆ ಇರುವ ಮನೆ ಬಿಡಬೇಕಾಗಿ ಬರುತ್ತದೆ. ಬಿಲ್ಡರ್ ಬಂದಿದ್ದಾನೆ, ಎಷ್ಟೋ ವರ್ಷದಿಂದ ಅಲ್ಲೇ ಇದ್ದರೂ ತೋರಿಸಲು ಆಕೆಯ ಹತ್ತಿರ ಕಾಗದ ಇಲ್ಲ. ಕೊನೆಗೆ ಮೂವರೂ ಪಾರ್ವತಿಯ ಊರಿಗೆ, ರತ್ನಗಿರಿ ಕಡೆಯ ಸಮುದ್ರತೀರಕ್ಕೆ ಹೋಗುತ್ತಾರೆ. ಇಷ್ಟೇ. ಹೀರೋ ಇಲ್ಲ, ಫೈಟ್ ಇಲ್ಲ. ಈ ಕಥೆ ಹಿಡಿದುಕೊಂಡು ಗಾಂಧಿನಗರಕ್ಕೆ ಹೋಗಲಿ, ಅಂಧೇರಿಗೆ ಹೋಗಲಿ, ಮೊದಲ ಪ್ರಶ್ನೆ "ಸ್ಯಾಟಲೈಟ್ ರೈಟ್ಸ್ ಎಷ್ಟಕ್ಕೆ ಹೋಗತ್ತೆ?" ಅಂತಲೇ ಇರುತ್ತದೆ. ಹಾಗೆ ಕೇಳುವವರನ್ನು ನಾನು ತಪ್ಪು ಅನ್ನುವುದಿಲ್ಲ. ಅವರು ಹಾಕುವುದು ಸ್ವಂತ ದುಡ್ಡು ಅಥವಾ ಬಡ್ಡಿ ದುಡ್ಡು. ಬಡ್ಡಿ ದಿನಾ ಏರುತ್ತದೆ.

ಹಾಗಾದರೆ ಬೇರೆ ದುಡ್ಡು ಎಲ್ಲಿಂದ ಬಂತು?

ಮುಖ್ಯ ನಿರ್ಮಾಪಕರು ಥಾಮಸ್ ಹಕೀಮ್ ಮತ್ತು ಜೂಲಿಯನ್ ಗ್ರಾಫ್. ಅವರ ಸಂಸ್ಥೆಯ ಹೆಸರು ಪೆತಿ ಕಾವೊ, ಅಂದರೆ ಪುಟ್ಟ ಗೊಂದಲ. ದೊಡ್ಡ ಸ್ಟುಡಿಯೋ ಏನಲ್ಲ, ಫ್ರಾನ್ಸ್‌ನ ಸಣ್ಣ ಸ್ವತಂತ್ರ ಕಂಪನಿ. ಪಾಯಲ್ ಅವರ ಒಂದು ಕಿರುಚಿತ್ರ 2018ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿತ್ತು. ಆ ಕಾಲದಿಂದಲೇ ಈ ನಂಟು. ಅಲ್ಲಿಂದ ಕಾನ್‌ನ ಸ್ಪರ್ಧೆಗೆ ಸುಮಾರು ಆರು ವರ್ಷ. ನನ್ನ ಹತ್ತಿರ ಬರುವ ಹುಡುಗರಿಗೆ ಈ ಆರು ವರ್ಷದ ಮಾತು ಹೇಳಿದ ತಕ್ಷಣ ಮುಖ ಸಣ್ಣದಾಗುತ್ತದೆ. ಆದರೆ ಈ ಪ್ರಕರಣದಲ್ಲಿ ನಾವು ಗಮನ ಇಟ್ಟು ನೋಡಬೇಕಾದ್ದು ಆ ಆರು ವರ್ಷವನ್ನೇ.

ಯಾಕೆಂದರೆ ಅವರು ಮೊದಲು ಮಾಡಿದ್ದು ಈ ದೊಡ್ಡ ಸಿನಿಮಾವನ್ನಲ್ಲ. ಇದರ ಬರವಣಿಗೆ ಒಂದು ಕಡೆ ನಡೆಯುತ್ತಿರುವಾಗಲೇ ಅದೇ ನಿರ್ದೇಶಕಿ, ಅದೇ ನಿರ್ಮಾಪಕರು ಸೇರಿ 'ಎ ನೈಟ್ ಆಫ್ ನೋಯಿಂಗ್ ನಥಿಂಗ್' ಅನ್ನುವ ಸಾಕ್ಷ್ಯಚಿತ್ರ ಮುಗಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ 2015ರಲ್ಲಿ ನಡೆದ ವಿದ್ಯಾರ್ಥಿ ಮುಷ್ಕರದ ನೆನಪು ಅದರಲ್ಲಿದೆ, ಪಾಯಲ್ ಆ ಮುಷ್ಕರದಲ್ಲಿ ಇದ್ದವರೇ. 2021ರಲ್ಲಿ ಅದು ಕಾನ್‌ನಲ್ಲಿ ಸಾಕ್ಷ್ಯಚಿತ್ರಗಳಿಗೆ ಕೊಡುವ ಪ್ರಶಸ್ತಿ ಗೆದ್ದಿತು. ಇದರ ಲಾಭ ಏನು ನೋಡಿ. ಸಣ್ಣ ಸಿನಿಮಾ ಮಾಡುವಾಗ ಇಬ್ಬರಿಗೂ ಒಬ್ಬರ ಕೆಲಸದ ರೀತಿ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಲೆಕ್ಕ ಯಾರು ನೇರವಾಗಿ ಇಡುತ್ತಾರೆ, ಜಗಳ ಬಂದಾಗ ಯಾರು ಫೋನ್ ಎತ್ತುತ್ತಾರೆ, ಎಡಿಟ್ ಟೇಬಲ್ ಹತ್ತಿರ ಯಾರು ಬಾಯಿ ಹಾಕುವುದಿಲ್ಲ ಅನ್ನುವುದೆಲ್ಲ. ಮುಂದೆ ದೊಡ್ಡ ನಿಧಿಗಳ ಬಾಗಿಲು ತಟ್ಟುವಾಗ ಕೈಯಲ್ಲಿ ಒಂದು ಹೆಸರೂ ಇರುತ್ತದೆ.

ಈಗ ನಿಧಿಗಳ ವಿಷಯ. ಇದು ಸ್ವಲ್ಪ ಉದ್ದ, ಆದರೆ ನಮ್ಮವರು ಎಡವುವುದೇ ಇಲ್ಲಿ.

ನಮ್ಮ ರಾಜ್ಯದಲ್ಲಿ ಸರ್ಕಾರದ ಸಹಾಯಧನ ಇದೆ, ಅದು ಒಳ್ಳೆಯದೇ. ಆದರೆ ಅದು ಬರುವುದು ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿದ ಮೇಲೆ. ಅಲ್ಲಿಯವರೆಗೆ ನಿರ್ಮಾಪಕ ಎಲ್ಲಿಂದಲೋ ತಂದು ಹಾಕಿರಬೇಕು. ಯುರೋಪಿನ ಬಹಳಷ್ಟು ನಿಧಿಗಳು ಚಿತ್ರಕಥೆ ಓದಿ, ಶೂಟಿಂಗ್‌ಗೆ ಮೊದಲೇ ಹಣ ಮಂಜೂರು ಮಾಡುತ್ತವೆ. ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ ಈ ಸಿನಿಮಾಕ್ಕೆ ನೆರವು ಕೊಟ್ಟಿತು. ಕಾನ್ ನಡೆಸುವ ಸಿನೆಫೌಂಡೇಶನ್ ರೆಸಿಡೆನ್ಸಿಯಲ್ಲಿ, ಅಂದರೆ ಪ್ಯಾರಿಸ್‌ನಲ್ಲಿ ಕೆಲವು ತಿಂಗಳು ಕೂತು ಬರೆಯಲು, ಪಾಯಲ್ ಅವರಿಗೆ ಜಾಗ ಸಿಕ್ಕಿತು. ಫ್ರಾನ್ಸ್‌ನ ಸಿನಿಮಾ ಸಂಸ್ಥೆ ಸಿಎನ್‌ಸಿಗೆ 'ವಿಶ್ವ ಸಿನಿಮಾಗಳಿಗೆ ನೆರವು' ಅನ್ನುವ ನಿಧಿಯೊಂದಿದೆ, 2012ರಲ್ಲಿ ಶುರುವಾದದ್ದು. ವಿದೇಶಿ ನಿರ್ದೇಶಕರು ತಮ್ಮ ಭಾಷೆಯಲ್ಲೇ ಮಾಡುವ ಸಿನಿಮಾಕ್ಕೂ ಅದು ಹಣ ಕೊಡುತ್ತದೆ. ಆರ್ಟೆ ಅನ್ನುವ ಟಿವಿ ಚಾನೆಲ್‌ನ ಸಿನಿಮಾ ವಿಭಾಗವೂ ಸೇರಿಕೊಂಡಿತು.

ಸಿಎನ್‌ಸಿ ನಿಧಿಯಲ್ಲಿ ಒಂದು ಷರತ್ತು ಇದೆ, ಅದನ್ನು ಎರಡು ಸಲ ಓದಿ. ಅರ್ಜಿಯನ್ನು ಫ್ರಾನ್ಸ್‌ನ ನಿರ್ಮಾಪಕರ ಮೂಲಕವೇ ಹಾಕಬೇಕು. ದುಡ್ಡು ಹೋಗುವುದು ಅವರ ಖಾತೆಗೆ. ಅದರಲ್ಲಿ ಒಂದು ಪಾಲು ಫ್ರಾನ್ಸ್‌ನಲ್ಲೇ ಖರ್ಚಾಗಬೇಕು. ಲಕ್ಸೆಂಬರ್ಗ್, ನೆದರ್‌ಲ್ಯಾಂಡ್ಸ್ ಮುಂತಾದ ದೇಶಗಳ ನಿಧಿಗಳದ್ದೂ ಸುಮಾರಾಗಿ ಇದೇ ನಿಯಮ. ನಮ್ಮ ಜನರ ತೆರಿಗೆ ಹಣ, ನಮ್ಮ ತಂತ್ರಜ್ಞರಿಗೂ ಕೆಲಸ ಸಿಗಲಿ ಅನ್ನುವುದು ಅವರ ಲೆಕ್ಕ. ನ್ಯಾಯವಾದದ್ದೇ ಅಲ್ವಾ? "ಫ್ರಾನ್ಸ್ ದುಡ್ಡು ತರೋದು ಹೇಗೆ" ಅನ್ನುವ ಪ್ರಶ್ನೆ ಇಲ್ಲಿ ಸ್ವಲ್ಪ ಬದಲಾಗುತ್ತದೆ. ಆ ದುಡ್ಡಿನಲ್ಲಿ ಒಂದಷ್ಟು ಅಲ್ಲಿಂದ ಆಚೆ ಬರುವುದೇ ಇಲ್ಲ. ನಮ್ಮ ಸಿನಿಮಾದ ಯಾವ ಕೆಲಸವನ್ನು ಅಲ್ಲಿ ಮಾಡಿಸಿದರೆ ಸಿನಿಮಾ ಕೆಡುವುದಿಲ್ಲ, ಬದಲಿಗೆ ಇನ್ನೂ ಚೆನ್ನಾಗುತ್ತದೆ ಅಂತ ಹುಡುಕುವುದೇ ನಿರ್ಮಾಪಕನ ಮುಖ್ಯ ಕೆಲಸವಾಗುತ್ತದೆ.

ಈ ಸಿನಿಮಾದಲ್ಲಿ ಅದನ್ನು ಹೇಗೆ ಹಂಚಿದ್ದಾರೆ ಅನ್ನುವುದು ನನಗೆ ತುಂಬಾ ಇಷ್ಟವಾಯಿತು. ಕ್ಯಾಮೆರಾ ಹಿಡಿದವರು ರಣಬೀರ್ ದಾಸ್, ಪುಣೆಯ ದಿನಗಳಿಂದ ಪಾಯಲ್ ಜೊತೆ ಇರುವವರು. ಸಂಗೀತ ತೊಪ್ಷೆ ಅನ್ನುವ ಹೆಸರಿನಲ್ಲಿ ಕೆಲಸ ಮಾಡುವ ಧೃತಿಮಾನ್ ದಾಸ್ ಅವರದು. ನಟಿಯರು ಕನಿ ಕುಸೃತಿ, ದಿವ್ಯಪ್ರಭಾ, ಛಾಯಾ ಕದಂ. ಕಥೆ, ಮುಖ, ಮಳೆ, ಭಾಷೆ ಎಲ್ಲ ಇಲ್ಲಿಯದು. ಸಂಕಲನ ಮಾಡಿದವರು ಫ್ರಾನ್ಸ್‌ನ ಕ್ಲೆಮಾ ಪಿಂತೊ, ಧ್ವನಿಯ ಕೆಲಸದಲ್ಲೂ ಫ್ರೆಂಚ್ ಹೆಸರುಗಳಿವೆ. ಅಂದರೆ ಹೊರಗಿನ ಪಾಲು ಬಹುತೇಕ ಶೂಟಿಂಗ್ ಮುಗಿದ ಮೇಲಿನ ಕೆಲಸಕ್ಕೆ ಹೋಗಿದೆ. ನಮ್ಮ ಸಣ್ಣ ಸಿನಿಮಾಗಳಲ್ಲಿ ದುಡ್ಡು ಮುಗಿದುಹೋಗುವುದು ಸರಿಯಾಗಿ ಅದೇ ಜಾಗದಲ್ಲಿ. ಶೂಟಿಂಗ್ ಮುಗಿಸಿ, ಹಾರ್ಡ್ ಡಿಸ್ಕ್ ಹಿಡಿದುಕೊಂಡು, ಮಿಕ್ಸಿಂಗ್‌ಗೆ ಕೈಯಲ್ಲಿ ಕಾಸಿಲ್ಲದೆ ಎಂಟು ತಿಂಗಳು ಕಾದ ಹುಡುಗರನ್ನು ನಾನೇ ನೋಡಿದ್ದೇನೆ.

ಉಳಿದ ಪಾಲುದಾರರನ್ನು ಬೇಗ ಹೇಳಿ ಮುಗಿಸುತ್ತೇನೆ. ನೆದರ್‌ಲ್ಯಾಂಡ್ಸ್‌ನಿಂದ ಬಾಲ್ಡರ್ ಫಿಲ್ಮ್, ಲಕ್ಸೆಂಬರ್ಗ್‌ನಿಂದ ಲೆ ಫಿಲ್ಮ್ ಫೋವ್, ಇಟಲಿಯಿಂದ ಪುಲ್ಪಾ ಫಿಲ್ಮ್. ಭಾರತದ ಕಡೆಯಿಂದ ಮುಂಬೈಯ ಚಾಕ್ ಅಂಡ್ ಚೀಸ್ ಮತ್ತು ಅನದರ್ ಬರ್ತ್. ಮಾರಾಟ ಲಕ್ಸ್‌ಬಾಕ್ಸ್ ಅನ್ನುವ ಪ್ಯಾರಿಸ್ ಸಂಸ್ಥೆಯದು.

ಭಾರತದ ಕಡೆಯ ಕಾಗದಪತ್ರ ಇನ್ನೊಂದು ಅಧ್ಯಾಯ. ಭಾರತ ಮತ್ತು ಫ್ರಾನ್ಸ್ ನಡುವೆ ಸಹನಿರ್ಮಾಣದ, ಅಂದರೆ ಎರಡೂ ದೇಶದವರು ಸೇರಿ ಸಿನಿಮಾ ಮಾಡುವ ಒಪ್ಪಂದ ಇದೆ. ಅದರ ಕೆಳಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಈ ಸಿನಿಮಾಕ್ಕೆ ಅಧಿಕೃತ ಸಹನಿರ್ಮಾಣದ ಸ್ಥಾನ ಕೊಟ್ಟಿತು, ಮುಂಬೈ ಮತ್ತು ರತ್ನಗಿರಿಯಲ್ಲಿ ಶೂಟಿಂಗ್‌ಗೆ ಅನುಮತಿ ಕೊಟ್ಟಿತು. ಈ ಸ್ಥಾನ ಸಿಕ್ಕರೆ ಸಿನಿಮಾ ಎರಡೂ ದೇಶಗಳಲ್ಲಿ ಸ್ವದೇಶಿ ಸಿನಿಮಾ ಅಂತಲೇ ಲೆಕ್ಕ, ಎರಡೂ ಕಡೆಯ ಸವಲತ್ತುಗಳಿಗೆ ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರ 2022ರಲ್ಲಿ ಇಂಥ ಸಹನಿರ್ಮಾಣಗಳಿಗೆ ಪ್ರೋತ್ಸಾಹಧನ ಘೋಷಿಸಿತ್ತು. ಭಾರತದಲ್ಲಿ ಮಾಡಿದ ಅರ್ಹ ಖರ್ಚಿನ ಶೇ. 30ರಷ್ಟು, ಆಗ ಗರಿಷ್ಠ 2 ಕೋಟಿ ರೂಪಾಯಿ. ಈ ಸಿನಿಮಾಕ್ಕೆ ಆ ಶೇ. 30ಕ್ಕೆ ಮಧ್ಯಂತರ ಒಪ್ಪಿಗೆ ಸಿಕ್ಕಿದೆ ಅಂತ ಕಾನ್ ಪ್ರಶಸ್ತಿ ಬಂದ ಮರುದಿನ ಸರ್ಕಾರವೇ ಹೇಳಿತು.

'ಮಧ್ಯಂತರ ಒಪ್ಪಿಗೆ' ಅನ್ನುವ ಎರಡು ಪದಗಳ ಹತ್ತಿರ ಸ್ವಲ್ಪ ನಿಲ್ಲಬೇಕು. ಒಪ್ಪಿಗೆ ಅಂದರೆ ಹಣ ಅಲ್ಲ. ಇದು ಮರುಪಾವತಿ. ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ಲು, ವೋಚರ್, ಆಡಿಟ್ ವರದಿ ಎಲ್ಲ ಕೊಡಬೇಕು, ಅದಾದ ಮೇಲೆ ಹಣ. ಯುರೋಪಿನ ನಿಧಿಗಳೂ ಪೂರ್ತಿ ಒಂದೇ ಸಲ ಕೊಡುವುದಿಲ್ಲ, ಕಂತುಗಳಲ್ಲಿ ಬರುತ್ತದೆ, ಕೊನೆಯ ಕಂತು ಸಿನಿಮಾ ಒಪ್ಪಿಸಿದ ಮೇಲೆ. ಹೀಗಾಗಿ ಕಾಗದದ ಮೇಲೆ ಬಜೆಟ್ ನೂರಕ್ಕೆ ನೂರು ತುಂಬಿರುತ್ತದೆ, ಆದರೆ ನಾಳೆ ಬೆಳಿಗ್ಗೆ ಯೂನಿಟ್‌ಗೆ ತಿಂಡಿ ಕೊಡಿಸಲು ಬ್ಯಾಂಕಿನಲ್ಲಿ ದುಡ್ಡಿರುವುದಿಲ್ಲ. ಸಹನಿರ್ಮಾಣದಲ್ಲಿ ನಿರ್ಮಾಪಕರ ನಿದ್ದೆ ಕೆಡಿಸುವುದು ಇದೇ. ಬಜೆಟ್ ಯೂರೋದಲ್ಲಿ, ಖರ್ಚು ರೂಪಾಯಿಯಲ್ಲಿ. ನಡುವೆ ವಿನಿಮಯ ದರ ಎರಡು ರೂಪಾಯಿ ಆಚೀಚೆ ಆದರೂ ಒಂದು ದಿನದ ಶೂಟಿಂಗ್ ಬರಬಹುದು ಅಥವಾ ಹೋಗಬಹುದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಹೊರದೇಶದ ನಿಧಿಯೊಂದರ ಹಣದಲ್ಲಿ ಕರಾವಳಿಯಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದೆವು. ಬೇಸಿಗೆ, ಸುಡು ಬಿಸಿಲು. ದಾರಿಬದಿಯ ಒಬ್ಬ ಅಜ್ಜ ಆರು ದಿನ ಇಡೀ ತಂಡಕ್ಕೆ ಎಳನೀರು ಕೊಟ್ಟರು. ಲೆಕ್ಕ ತಪಾಸಣೆಗೆ ಬಂದಾಗ ಆ ಎಳನೀರಿಗೆ ಬಿಲ್ ಕೇಳಿದರು. ಅಜ್ಜನ ಹತ್ತಿರ ಎಲ್ಲಿಯ ಬಿಲ್ ಪುಸ್ತಕ? ನಾನು ಕೈಬರಹದ ವೋಚರಿಗೆ ಅವರ ಹೆಬ್ಬೆಟ್ಟು ಹಾಕಿಸಿದ್ದೆ, ದಿನಾಂಕ ಬರೆದಿದ್ದೆ. ಆದರೂ ಒಪ್ಪಲಿಲ್ಲ, ಆ ಮೊತ್ತ ನಮ್ಮ ಕೈಯಿಂದಲೇ ಹೋಯಿತು. ಡ್ರೈವರ್ ಬಾಟಾ ಅಂದರೆ ದಿನಭತ್ಯೆ, ದೋಣಿಯವನ ಬಾಡಿಗೆ, ಮಳೆ ಬಂದಾಗ ಓಡಿ ತಂದ ಟಾರ್ಪಾಲು, ಇವೆಲ್ಲ ನಮ್ಮಲ್ಲಿ ನಗದಿನಲ್ಲೇ ನಡೆಯುವ ವ್ಯವಹಾರ. ಮೊತ್ತ ಚಿಕ್ಕದು, ಆದರೆ ಇಂಥ ನೂರು ಚೀಟಿ ಸೇರಿದರೆ 'ಅರ್ಹ ಖರ್ಚು' ಕುಗ್ಗುತ್ತದೆ, ಖರ್ಚು ಕುಗ್ಗಿದರೆ ಶೇ. 30 ಕೂಡ ಕುಗ್ಗುತ್ತದೆ. ಅದಕ್ಕೇ ಶೂಟಿಂಗ್‌ನ ಮೊದಲ ದಿನದಿಂದಲೇ ಒಬ್ಬರು ಬರೀ ಚೀಟಿ ನೋಡಿಕೊಳ್ಳಲು ಇರಬೇಕು ಅಂತ ನಾನು ಹಟ ಹಿಡಿಯುವುದು.

ಮತ್ತೆ ಮುಂಬೈಗೆ ಬರೋಣ. ಶೂಟಿಂಗ್ ಮುಂಬೈಯಲ್ಲಿ 25 ದಿನ, ರತ್ನಗಿರಿಯಲ್ಲಿ 15 ದಿನ. ಇಷ್ಟು ಓದಿ "ಅಯ್ಯೋ, ಇದು ನಮ್ಮ ಬಜೆಟ್‌ನ ಸಿನಿಮಾದ ಹಾಗೇ ಇದೆಯಲ್ಲ" ಅನ್ನಿಸಿತಾ? ನನಗೂ ಅನ್ನಿಸಿತು. ಐದು ದೇಶದ ಹೆಸರಿದ್ದರೂ ಹೊಳೆಯ ಹಾಗೆ ಹಣ ಹರಿದಿಲ್ಲ. ಮುಂಬೈಯ ರಸ್ತೆ, ರೈಲು, ಸ್ಟೇಷನ್‌ಗಳಲ್ಲಿ ಶೂಟಿಂಗ್ ಅನುಮತಿ ಎಷ್ಟು ದುಬಾರಿ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಈ ತಂಡ ಕೆಲವು ಕಡೆ ಲೊಕೇಶನ್ ನೋಡಲು ಬಂದವರ ಹಾಗೆ ಚಿಕ್ಕ ಕ್ಯಾಮೆರಾ ಹಿಡಿದು ನಟಿಯರ ಜೊತೆ ಜನರ ನಡುವೆ ಇಳಿದು ಚಿತ್ರೀಕರಿಸಿತು. ಸಿನಿಮಾದ ಮೊದಲ ನಿಮಿಷಗಳನ್ನು ನೋಡಿ. ರಾತ್ರಿಯ ಮಾರುಕಟ್ಟೆ, ಓಡುವ ರೈಲು, ಮೇಲಿಂದ ಬೇರೆ ಬೇರೆ ಭಾಷೆಯಲ್ಲಿ ಜನರ ದನಿ, ಈ ಊರಿಗೆ ಹೇಗೆ ಬಂದೆವು ಅಂತ ಹೇಳುವ ದನಿ. ನಮ್ಮ ಉಡುಪಿ, ಕುಂದಾಪುರ ಕಡೆಯಿಂದ ಮುಂಬೈಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಮನೆಯಲ್ಲಿ ಬೆಳೆದವರಿಗೆ ಅದು ಎಲ್ಲಿಗೆ ಮುಟ್ಟುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆ ಹಣ ಕೊಟ್ಟದ್ದು ಏನು? ಸಮಯ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುಳು ಅದೇ. ಬರೆಯಲು ವರ್ಷಗಳು ಸಿಕ್ಕವು. ಮಲಯಾಳಂ ತನ್ನ ಭಾಷೆಯಲ್ಲದಿದ್ದರೂ ನಿರ್ದೇಶಕಿಗೆ ಆ ಭಾಷೆ ಬಲ್ಲವರ ಜೊತೆ ಕೂತು ಮಾತುಗಳನ್ನು ತಿದ್ದಲು, ನಟಿಯರ ಜೊತೆ ತಾಲೀಮು ಮಾಡಲು ಆಯಿತು. ಮಳೆಯ ಮುಂಬೈ ಮಳೆಯ ಹಾಗೇ ಬಂತು, ರತ್ನಗಿರಿಯ ಕೆಂಪು ಮಣ್ಣು ಬಿಸಿಲಿನಲ್ಲಿ ಬಂತು. ಬಡ್ಡಿ ದುಡ್ಡಿನ ಸಿನಿಮಾದಲ್ಲಿ ಋತುವಿಗಾಗಿ ಕಾಯಲು ಆಗುತ್ತದಾ? ಟ್ಯಾಂಕರ್ ತರಿಸಿ ಮಳೆ ಸುರಿಸುತ್ತಾರೆ, ಒಂದೇ ಶೆಡ್ಯೂಲಿನಲ್ಲಿ ಮುಗಿಸುತ್ತಾರೆ.

ಒಂದು ದೃಶ್ಯ ಇದೆ. ಪ್ರಭಾಳ ಗಂಡ ಜರ್ಮನಿಯಲ್ಲಿದ್ದಾನೆ, ಮಾತಿಲ್ಲ ಕತೆಯಿಲ್ಲ, ಎಷ್ಟೋ ಕಾಲವಾಗಿದೆ. ಒಂದು ದಿನ ಒಂದು ಪಾರ್ಸೆಲ್ ಬರುತ್ತದೆ. ಒಳಗೆ ಕೆಂಪು ಬಣ್ಣದ ಅನ್ನದ ಕುಕ್ಕರ್. ಚೀಟಿಯಿಲ್ಲ, ಹೆಸರಿಲ್ಲ. ಕೆಳಗೆ ತಿರುಗಿಸಿ ನೋಡಿದರೆ ಜರ್ಮನಿಯಲ್ಲಿ ತಯಾರಾದದ್ದು ಅಂತಿದೆ. ರಾತ್ರಿ ಒಬ್ಬಳೇ ಇರುವಾಗ ಅವಳು ನೆಲದ ಮೇಲೆ ಕೂತು ಆ ಕುಕ್ಕರನ್ನು ತಬ್ಬಿಕೊಳ್ಳುತ್ತಾಳೆ. ಮಾತಿಲ್ಲ. ಆ ಹೊತ್ತನ್ನು ಕತ್ತರಿಸದೆ ಬಿಡಲು ಸಂಕಲನಕಾರನಿಗೆ ಧೈರ್ಯ ಬೇಕು, "ಇಲ್ಲಿ ಲ್ಯಾಗ್ ಆಗ್ತಿದೆ, ತೆಗಿರಿ" ಅನ್ನದ ನಿರ್ಮಾಪಕರೂ ಬೇಕು. ಒಪ್ಪಂದದಲ್ಲಿ ಅಂತಿಮ ಎಡಿಟ್ ಯಾರ ಕೈಯಲ್ಲಿ ಅಂತ ಒಂದು ಸಾಲು ಇರುತ್ತದೆ. ಸಹಿ ಹಾಕುವ ಮೊದಲು ಎಲ್ಲಕ್ಕಿಂತ ಮುಂಚೆ ಆ ಸಾಲು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಈ ಪ್ರಕರಣದ ನೋವಿನ ಭಾಗ. ಆಸ್ಕರ್‌ಗೆ ಅಂತರರಾಷ್ಟ್ರೀಯ ಸಿನಿಮಾ ವಿಭಾಗದಲ್ಲಿ ಒಂದು ದೇಶ ಒಂದೇ ಸಿನಿಮಾ ಕಳಿಸಬಹುದು. 2024ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ತನ್ನ ನಾಲ್ಕು ಸಿನಿಮಾಗಳ ಕಿರುಪಟ್ಟಿಯಲ್ಲಿ ಇದನ್ನೂ ಇಟ್ಟಿತು, ಕೊನೆಗೆ 'ಎಮಿಲಿಯಾ ಪೆರೆಜ್' ಕಳಿಸಿತು. ಅದೇ ತಿಂಗಳು ಭಾರತದ ಕಡೆಯಿಂದ ಫಿಲ್ಮ್ ಫೆಡರೇಶನ್ ಆಫ್ ಇಂಡಿಯಾ 'ಲಾಪತಾ ಲೇಡೀಸ್' ಆರಿಸಿತು. ಆಯ್ಕೆ ಅವರ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಭಾರತದಲ್ಲಿ ನಡೆಯುವ ಯುರೋಪಿಯನ್ ಸಿನಿಮಾ ನೋಡಿದ ಹಾಗೆ ಜ್ಯೂರಿಗೆ ಅನ್ನಿಸಿತು ಅಂತ ಫೆಡರೇಶನ್ ಅಧ್ಯಕ್ಷರು ಹೇಳಿದ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಬಾಡಿಗೆ ರೂಮು, ರಾತ್ರಿ ಪಾಳಿ, ಕಾಗದ ಇಲ್ಲದ್ದಕ್ಕೆ ಮನೆ ಬಿಡುವ ಅಡುಗೆಯವಳು, ಬೇರೆ ಧರ್ಮದ ಹುಡುಗನ ಜೊತೆಗಿನ ಪ್ರೇಮಕ್ಕೆ ಜಾಗ ಹುಡುಕುವ ಹುಡುಗಿ. ಇದರಲ್ಲಿ ಯುರೋಪ್ ಎಲ್ಲಿದೆ? ದುಡ್ಡಿನ ಮೂಲ ನೋಡಿ ಸಿನಿಮಾದ ಊರು ಹೇಳುವುದು ಸರಿಯಲ್ಲ. ಒಪ್ಪಂದದ ಪ್ರಕಾರ ಎರಡೂ ದೇಶದ ಮಗು, ಕಳಿಸುವ ಹೊತ್ತಿಗೆ ಎರಡೂ ಮನೆಯವರು ಬೇರೆ ಮಗುವನ್ನು ಕಳಿಸಿದರು. ಸಹನಿರ್ಮಾಣಕ್ಕೆ ಇಳಿಯುವವರು ಈ ಸಾಧ್ಯತೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇದು ಹೊಸದೂ ಅಲ್ಲ. ಗುನೀತ್ ಮೊಂಗಾ ನಿರ್ಮಾಣದಲ್ಲಿದ್ದ 'ದ ಲಂಚ್‌ಬಾಕ್ಸ್' ಕೂಡ ಫ್ರಾನ್ಸ್, ಜರ್ಮನಿ, ಅಮೆರಿಕದ ಜೊತೆಗಿನ ಸಹನಿರ್ಮಾಣ, 2013ರಲ್ಲಿ ಅದನ್ನೂ ಬಿಟ್ಟು ಬೇರೆ ಸಿನಿಮಾ ಹೋಯಿತು.

ಬಿಡುಗಡೆಯ ವಿಷಯದಲ್ಲಿ ನಿರ್ಮಾಪಕರು ಆತುರ ಪಡಲಿಲ್ಲ. ಕೇರಳದಲ್ಲಿ ಸೆಪ್ಟೆಂಬರಿನಲ್ಲಿ ಮಲಯಾಳಂ ಹೆಸರಿನಲ್ಲಿ ಕೆಲವೇ ಪರದೆಗಳು. ಅಕ್ಟೋಬರಿನಲ್ಲಿ ಫ್ರಾನ್ಸ್. ನವೆಂಬರ್ 22ಕ್ಕೆ ಭಾರತದ ಉಳಿದ ಕಡೆ, ಹಂಚಿಕೆ ರಾಣಾ ದಗ್ಗುಬಾಟಿಯವರ ಸ್ಪಿರಿಟ್ ಮೀಡಿಯಾ. ಗೋಲ್ಡನ್ ಗ್ಲೋಬ್‌ಗೆ ಎರಡು ನಾಮನಿರ್ದೇಶನ ಬಂದವು, ಅದರಲ್ಲಿ ಒಂದು ನಿರ್ದೇಶನಕ್ಕೆ. 2025ರ ಜನವರಿ 3ಕ್ಕೆ ಒಟಿಟಿಗೆ ಬಂತು.

ಕನ್ನಡದಲ್ಲಿ ಈ ದಾರಿ ಪೂರ್ತಿ ಅಪರಿಚಿತ ಅಲ್ಲ. ಮಂಡ್ಯ ಕಡೆಯ ಹಳ್ಳಿಯಲ್ಲಿ ಊರವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ 'ತಿಥಿ'ಯ ಹಿಂದೆ ಅಮೆರಿಕದ ಸಹನಿರ್ಮಾಪಕಿ ಇದ್ದರು, 2015ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ನಟೇಶ್ ಹೆಗಡೆಯವರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್‌ಗೆ ಹೋಯಿತು. ನಿರ್ದೇಶಕರು ನಮ್ಮಲ್ಲಿ ಇದ್ದಾರೆ. ನಮಗೆ ಕಡಿಮೆ ಇರುವುದು ಒಂದು ಚಿತ್ರಕಥೆಯನ್ನು ಆರು ವರ್ಷ ಕೈಬಿಡದೆ ಹಿಡಿದುಕೊಂಡು, ವರ್ಷಕ್ಕೆ ಮೂರು ಅರ್ಜಿ ಬರೆದು, ಎರಡು ತಿರಸ್ಕಾರ ಓದಿ, ಮತ್ತೆ ಬರೆಯುವ ನಿರ್ಮಾಪಕರು. ಆ ಆರು ವರ್ಷ ಅವರ ಮನೆ ನಡೆಯುವುದು ಹೇಗೆ ಅನ್ನುವುದಕ್ಕೆ ನಮ್ಮಲ್ಲಿ ಯಾವ ವ್ಯವಸ್ಥೆಯೂ ಇಲ್ಲ. ಸರ್ಕಾರದ ಸಹಾಯಧನದ ಒಂದು ಸಣ್ಣ ಪಾಲನ್ನಾದರೂ ಬರವಣಿಗೆಯ ಹಂತಕ್ಕೆ ತಂದರೆ ಎಷ್ಟೋ ಉಪಕಾರ ಆಗುತ್ತದೆ, ಇದನ್ನು ಸಿಕ್ಕ ಕಡೆಯೆಲ್ಲ ಹೇಳುತ್ತಲೇ ಇದ್ದೇನೆ.

ಶಿರಸಿಯ ಹುಡುಗ ಇಷ್ಟನ್ನೂ ಕೇಳಿಸಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. "ಹಾಗಾದ್ರೆ ಮೊದಲು ಏನು ಮಾಡ್ಲಿ ಅಕ್ಕಾ?" ಅಂದ. ಮೊದಲು ಚಿತ್ರಕಥೆಯನ್ನು ಇಂಗ್ಲಿಷಿಗೆ ತರೋಣ ಅಂದೆ. ಈಗ ಪ್ರತಿ ಭಾನುವಾರ ಕೂರುತ್ತೇವೆ, ಮೂವತ್ತೆರಡನೇ ಪುಟದಲ್ಲಿ ಇದ್ದೇವೆ. ಅಲ್ಲಿ ಅಜ್ಜಿ ಸತ್ತ ಗಂಡನಿಗೆ ಎಡೆ ಇಟ್ಟು, ಕಾಗೆಗಾಗಿ ಕಾಯುತ್ತಾ ಹಿತ್ತಲಲ್ಲಿ ನಿಂತಿದ್ದಾಳೆ. ರಾಟರ್‌ಡ್ಯಾಮ್‌ನಲ್ಲಿ ಕೂತು ಓದುವವರಿಗೆ 'ಎಡೆ' ಅನ್ನುವುದನ್ನು ಹೇಗೆ ಬರೆಯುವುದು ಅಂತ ಹೋದ ವಾರ ಎರಡು ಗಂಟೆ ಮಾತಾಡಿದೆವು. ಅವನು ಆ ಪದವನ್ನು ಹಾಗೇ ಬಿಡೋಣ, ಅಜ್ಜಿಯ ಕೈ ಏನು ಮಾಡುತ್ತದೆ ಅಂತ ಎರಡು ಸಾಲು ಬರೆಯೋಣ ಅಂದ. ಹಾಗೇ ಬರೆದಿದ್ದೇವೆ.